ರಿಜಿಸ್ಟರಿನ ಕೈಪಂಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಸಿರುಗುಪ್ಪ ತಾಲೂಕಿನ ಒಂದು ಪಂಚಾಯಿತಿಯಲ್ಲಿ ಲೆಕ್ಕ ಸಹಾಯಕಿಯಾಗಿದ್ದ ನಾನು, ನಲವತ್ತರ ಹತ್ತಿರ ಬಂದು ಸಾರ್ವಜನಿಕ ಹಣಕಾಸು ನಿರ್ವಹಣೆಯ ಸ್ನಾತಕೋತ್ತರ ಪದವಿಗೆ ಸೇರಿದ್ದೂ ಸಿಟ್ಟಿನಿಂದಲೇ. ನನಗಿಂತ ಕಿರಿಯರು ಪದವಿ ಹಿಡಿದು ಬಂದು ನನಗೇ ಪಾಠ ಹೇಳುತ್ತಿದ್ದರು. ಭಾನುವಾರ ಕುರುಗೋಡಿನ ಮನೆಯಿಂದ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋಗಿ ತರಗತಿಯಲ್ಲಿ ಕೂರುತ್ತಿದ್ದೆ. ಅತ್ತೆ ಎರಡು ವರ್ಷ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು ಕಟ್ಟಿಕೊಟ್ಟರು. ಆ ಋಣ ದೊಡ್ಡದು.

ಕೊನೆಗೆ ಉಳಿದದ್ದು ಕಿರುಪ್ರಬಂಧ. ನಮ್ಮ ಪಂಚಾಯಿತಿಯ ಆಸ್ತಿಗಳ ನಿರ್ವಹಣೆ ಎಂಬ ವಿಷಯ ಆರಿಸಿಕೊಂಡೆ. ನನಗೇನು ಕಷ್ಟ? ಆಸ್ತಿ ರಿಜಿಸ್ಟರ್ ನನ್ನ ಬೀರುವಿನಲ್ಲೇ ಇತ್ತು. ಅದನ್ನು ನೋಡಿ ಬರೆದು, ಕೋಷ್ಟಕ ಹಾಕಿ, ಚೆಂದದ ರಟ್ಟು ಕಟ್ಟಿಸಿ ಒಯ್ದೆ. ಮಾರ್ಗದರ್ಶಕಿ ನಾಲ್ಕು ಹಾಳೆ ತಿರುವಿ ಮುಚ್ಚಿಟ್ಟರು.

“ಇದರಾಗ ಒಂದನ್ನರ ಕಣ್ಣಾರೆ ನೋಡೀರೇನ್ರಿ?”

ಪುಸ್ತಕದ ಬದನೆಕಾಯಿ ಎಂದು ಊರವರನ್ನೆಲ್ಲ ಅಣಕಿಸುತ್ತಿದ್ದವಳು ಆವತ್ತು ನಾನೇ ಬದನೆಕಾಯಿಯಾದೆ. ಹದಿನೈದು ದಿನದಲ್ಲಿ ತಿದ್ದಿ ಕೊಡದಿದ್ದರೆ ವರ್ಷ ಹೋಗುತ್ತದೆ ಎಂದರು. ಇನ್ನೊಂದು ವರ್ಷ ಓದುವ ಬಲ ನನಗೂ ಇರಲಿಲ್ಲ, ಅತ್ತೆಯ ಮೊಣಕಾಲಿಗೂ ಇರಲಿಲ್ಲ.

ಊರಿನ ಮೂಲೆಮೂಲೆ ಗೊತ್ತಿದ್ದವರು ನಳಕ್ಕೆ ನೀರು ಬಿಡುವ ನೀರಗಂಟಿ ತಾತ ಒಬ್ಬರೇ. ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುವುದಿಲ್ಲ ಎಂದು ನಾನು ಎಷ್ಟೋ ಸಲ ಬೈದದ್ದು ಅವರನ್ನೇ. ಯಾವ ಮುಖ ಇಟ್ಟುಕೊಂಡು ಕೇಳಲಿ? ಆದರೂ ಕೇಳಿದೆ. ಅವರು ಹೆಗಲ ಮೇಲಿನ ಟವೆಲ್ಲು ಕೊಡವಿ, “ನಡ್ರಿ ಅಕ್ಕಾರ” ಎಂದು ಹೊರಟೇಬಿಟ್ಟರು.

ದಿನಾ ನೀರು ಬಿಟ್ಟಾದ ಮೇಲೆ ಇಬ್ಬರೂ ಓಣಿ ಓಣಿ ತಿರುಗಿದೆವು. ರಿಜಿಸ್ಟರಿನಲ್ಲಿದ್ದ ಒಂದು ದನದ ತೊಟ್ಟಿ ಮಣ್ಣು ತುಂಬಿ ಹರಟೆಕಟ್ಟೆಯಾಗಿತ್ತು. ಒಂದು ದಿನ ಊರ ತುದಿಯ ಕೈಪಂಪಿನ ಮುಂದೆ ತಾತ ಚಪ್ಪಲಿ ಬಿಟ್ಟರು. ರಿಜಿಸ್ಟರಿನಲ್ಲಿ ಅದು ‘ಸುಸ್ಥಿತಿ’. ನೋಡಿದರೆ ಹಿಡಿಕೆಯೇ ಇಲ್ಲ. ಮೈತುಂಬ ಅರಿಶಿನ, ಕುಂಕುಮ, ದಾರದಲ್ಲಿ ಕಟ್ಟಿದ ಹಸಿರು ಬಳೆ.

“ನೀರು ಬತ್ತಿ ಭಾಳ ವರ್ಷ ಆತ್ರಿ. ಬಾವಿ ಮುಚ್ಚಿದ ಮ್ಯಾಲೆ ಬಾಣಂತ್ಯಾರು ಗಂಗಿಪೂಜಿ ಇಲ್ಲೇ ಮಾಡ್ತಾರ. ನಳದ ಮುಂದ ಮಾಡ್ರಿ ಅಂದ್ರ ಒಲ್ಲೆ ಅಂತಾರ.”

“ನೀರಿಲ್ದ ಗಂಗಿಪೂಜಿ ಹೆಂಗ ತಾತ?”

“ನಾ ಒಂದು ಕೊಡ ತಂದು ಇಡ್ತೀನ್ರಿ. ಅವತ್ತ ನಿಮ್ಮ ಆಫೀಸಿಗೆ ತಡ ಆಗೋದು.”

ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

ಪ್ರಬಂಧದಲ್ಲಿ ಬರೆದದ್ದೇ ನಾಳೆ ರಿಜಿಸ್ಟರಿಗೂ ಹೋಗಬೇಕು. ಆ ಪಂಪನ್ನು ಏನೆಂದು ಬರೆಯುವುದು? ಕೆಟ್ಟಿದೆ ಎಂದರೆ ಗುಜರಿಗೆ ಹಾಕುವ ಪಟ್ಟಿಗೆ ಸೇರುತ್ತದೆ. ಚೆನ್ನಾಗಿದೆ ಎಂದರೆ ಸುಳ್ಳು. ‘ನೀರಿಲ್ಲ. ಬಾಣಂತಿಯರ ಪೂಜೆಗೆ ಬಳಕೆಯಲ್ಲಿದೆ. ಉಳಿಸಿಕೊಳ್ಳಬೇಕು’ ಎಂದು ಕಂಡದ್ದನ್ನೇ ಬರೆದೆ. ಮೌಖಿಕ ಪರೀಕ್ಷೆಯಲ್ಲಿ ಮಾರ್ಗದರ್ಶಕಿ ಆ ಸಾಲನ್ನು ಗಟ್ಟಿಯಾಗಿ ಓದಿ, “ಈಗ ನೋಡೀರಿ” ಎಂದರು. ಪಾಸಾದೆ.

ಬಳ್ಳಾರಿಯಿಂದ ಪೇಡೆ ತಂದು ಮೊದಲು ಅತ್ತೆಗೆ, ಮರುದಿನ ಕಚೇರಿ ಬಾಗಿಲಲ್ಲಿ ತಾತನಿಗೆ ಕೊಟ್ಟೆ. ಅವರು ಪೇಡೆ ಕೈಯಲ್ಲೇ ಹಿಡಿದು ಕೇಳಿದರು:

“ಆ ಬೋರಿಂಗ್ ಪಂಪು ಕೀಳಾಕ ಯಾವಾಗ ಬರ್ತಾರ್ರಿ?”

“ಯಾಕ ಕೀಳ್ತಾರ ತಾತ?”

“ನೀವು ಬರಕೊಂಡು ಹೋದ್ರಲ್ರಿ. ಹಿಂದ ಹಿಂಗ ಬರಕೊಂಡು ಹೋದ ಮ್ಯಾಲೇ ಬಾವಿ ಮುಚ್ಚಿದ್ರು.”

“ಹಂಗಂತ ಗೊತ್ತಿದ್ದೂ ನನಗ್ಯಾಕ ತೋರಿಸಿದ್ರಿ?”

“ನಿಮ್ಮ ಪರೀಕ್ಷಿ ಇತ್ತಲ್ರಿ” ಎಂದರು.

ಒಳಗೆ ಹೋಗಿ ಪ್ರಬಂಧ ತಂದು ಆ ಪುಟ ತೆರೆದೆ. ಓದು ಬಾರದ ಅವರ ಬೆರಳನ್ನು ಹಿಡಿದು ಸಾಲಿನ ಮೇಲಿಟ್ಟು, ‘ಉಳಿಸಿಕೊಳ್ಳಬೇಕು’ ಎಂಬಲ್ಲಿಯವರೆಗೂ ಓದಿದೆ.

ತಾತ ಬೆರಳು ತೆಗೆಯಲಿಲ್ಲ. “ಇನ್ನೊಮ್ಮಿ ಓದ್ರಿ ಅಕ್ಕಾರ” ಎಂದರು.