ಕಣ್ಣು ಮುಚ್ಚಿ ಹೊಡೆದ ಚೆಂಡು

ಮಣಿಕೊಂಡದ ಆಚೆಯ ಗಾಲ್ಫ್ ಮೈದಾನದಲ್ಲಿ ನನ್ನ ಕೋಲುಗಳ ಚೀಲ ಹೊರುತ್ತಿದ್ದವನು ಯಾದಗಿರಿ ಕಡೆಯವನು. ಐಟಿ ಕಚೇರಿಗಳು ಏಳುತ್ತಿದ್ದ ವರ್ಷಗಳಲ್ಲಿ ಹೈದರಾಬಾದಿಗೆ ಬಂದು, ಮೊದಲು ಅವುಗಳ ಪಾಯಕ್ಕಾಗಿ ಬಂಡೆ ಒಡೆದಿದ್ದ. ನನ್ನ ಹೊಡೆತ ಕಂಡಾಗಲೆಲ್ಲ ಅವನದು ಒಂದೇ ಮಾತು: "ತೋಳಿಂದ ಹೊಡೀಬ್ಯಾಡ್ರಿ ಸಾಹೇಬ್ರ. ಬಲ ಅಂಗಾಲಿಂದ ಏಳಬೇಕು, ಸೊಂಟ ತಿರುಗಬೇಕು, ಕೈ ಕಡೀಗೆ ಬರಬೇಕು." ನನ್ನ ತರಬೇತುದಾರ ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ಹೇಳಿಕೊಟ್ಟದ್ದೂ ಅದನ್ನೇ.

ಚೀಲ ಹೊರುವವರು ಕೋಲು ಬೀಸುವಂತಿರಲಿಲ್ಲ. ಒಂದು ಬೆಳಿಗ್ಗೆ ಸುತ್ತ ಯಾರೂ ಇಲ್ಲದಾಗ ನಾನೇ ಕೋಲನ್ನು ಅವನ ಕೈಗೆ ಕೊಟ್ಟೆ. ಅವನು ಚಪ್ಪಲಿ ಕಳಚಿ, ಹುಲ್ಲಿನಲ್ಲಿ ಕಾಲ್ಬೆರಳೂರಿ ಬೀಸಿದ. ಅಷ್ಟು ಶುದ್ಧವಾದ ಸದ್ದನ್ನು ಆ ಮೈದಾನದಲ್ಲಿ ನಾನು ಕೇಳಿರಲಿಲ್ಲ. ಆದರೆ ಕೋಲು ಚೆಂಡಿಗೆ ತಗಲುವ ಕ್ಷಣಕ್ಕೆ ಅವನು ಕಣ್ಣು ಬಿಗಿಯಾಗಿ ಮುಚ್ಚಿ ಮುಖ ಹೊರಳಿಸಿದ್ದ.

"ಕಣ್ಣು ಯಾಕ ಮುಚ್ಚಿದಿ?" ಎಂದೆ.

"ಕಲ್ಲಿನ ಚೂರು ಸಿಡೀತಾವಲ್ರಿ. ನನ್ನ ಹೇಂತಿ ಒಮ್ಮೆ ಮುಚ್ಚಲಿಲ್ಲ. ಎರಡೂ ಹೋದುವು."

ಕೋಲಿನ ಹಿಡಿಯನ್ನು ಅಂಗಿಯಿಂದ ಒರೆಸಿ ನನಗೆ ಕೊಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಚೆಂಡು ಎಲ್ಲಿ ಬಿತ್ರಿ? ಇವತ್ತ ಏನ್ ನೋಡಿದಿ ಅಂತ ದಿನಾ ಸಂಜೀಕ ಕೇಳ್ತಾಳ."

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಚೆಂಡು ಹೋದದ್ದನ್ನು ನಾನೂ ಕಂಡಿರಲಿಲ್ಲ.