ಗಂಡನ ಹೆಸರು ಹೇಳದ ತಪ್ಪಿಗೆ

ಮುಂಬೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ನಮ್ಮ ಬಿಲ್ಡಿಂಗಿನ ಹೆಂಗಸರು ನನ್ನ ಗಂಡನನ್ನು ಹೆಣ್ಣುಮಕ್ಕಳನ್ನು ಮಾರುವವನೆಂದು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು. ಬಾಂದ್ರಾದ ಆಫೀಸಿನಲ್ಲಿ ಲೆಕ್ಕ ಬರೆಯುವ, ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ ಅವರು.

ಅನುಮಾನಕ್ಕೆ ಕಾರಣಗಳೇನೋ ಇದ್ದವು. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಹಗಲು ಬಾಗಿಲು ಹಾಕಿದರೆ ಯಾರಿಗೋ ಜಡ್ಡಾಗಿದೆ ಎಂದೇ ಅರ್ಥ. ನಾವಿರುವ ಚೆಂಬೂರಿನಲ್ಲಿ ಬಾಗಿಲು ತೆರೆದರೆ ಬಂದವರೆಲ್ಲ ಹಿಂದಿ ಮಾತಾಡುತ್ತಾರೆ. ನನಗೆ ಹಿಂದಿಯೆಂದರೆ ಜ್ವರ. "ಹೊರಗಿಂದ ಕೀಲಿ ಹಾಕ್ಕೊಂಡ ಹೋಗ್ರಿ" ಎಂದು ನಾನೇ ಗಂಡನಿಗೆ ಹೇಳಿದ್ದೆ. ಹೊರಗೆ ಹೋದಾಗ ಯಾರು ಏನು ಕೇಳಿದರೂ ಉತ್ತರ ಅವರದೇ. ನನ್ನ ಆಧಾರ್ ಕಾರ್ಡು ಅವರ ಚೀಲದಲ್ಲಿ, ನನ್ನ ಫೋನು ರಿಪೇರಿಯಲ್ಲಿ.

ಎದುರು ಮನೆಯ ಸುಮತಿಯಕ್ಕ ಉಡುಪಿಯ ಕಡೆಯವರು. ಹೆಣ್ಣುಮಕ್ಕಳನ್ನು ಸಾಗಿಸುವವರನ್ನು ಗುರುತಿಸುವುದು ಹೇಗೆಂದು ಯಾವುದೋ ಮಹಿಳಾ ಸಭೆಯಲ್ಲಿ ಕೇಳಿಸಿಕೊಂಡು ಬಂದಿದ್ದರು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯ ಕಿಟಕಿಗೆ ಬಂದು ಪಿಸುಗುಟ್ಟಿದರು.

"ಹೆದರ್ಬೇಡ ಮಾರಾಯ್ತಿ. ನಿನ್ನನ್ನು ಇಲ್ಲಿಗೆ ಕರ್ಕೊಂಡು ಬಂದದ್ದು ಯಾರು?"

"ಅವ್ರ."

"ಅವರ ಹೆಸರೆಂತ?"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ತಲೆ ತಗ್ಗಿಸಿದೆ. ಯಾರೋ ಬೆದರಿಸಿದ್ದಾರೆಂದು ಅವರು ತಿಳಿದರು.

"ಮುಂಚೆ ಅವರ ಗುರ್ತ ಉಂಟಾ?"

"ಒಂದ ಸಲ ನೋಡಿದ್ದೆ ರೀ."

"ಎಂತ ಕೆಲಸ ಮಾಡಿಸ್ತಾರೆ?"

"ಅಡಗಿ, ಭಾಂಡಿ, ಅರಬಿ ಒಗೆಯೂದು."

"ಸಂಬಳ?"

ನನಗೆ ನಗು ಬಂತು. "ಇದಕ್ಕ ಯಾರ್ ಕೊಡ್ತಾರ್ರೀ ಸಂಬಳ?"

"ಊರಿಗೆ ಹೋಗ್ತೇನೆ ಅಂದ್ರೆ ಬಿಡ್ತಾರಾ?"

"ಪಂಚಮಿಗೆ ಕಳಸ್ತೀನಿ ಅಂದಾರ."

ಕೊರಳಿನ ತಾಳಿಯನ್ನೂ ಅವರು ನಂಬಲಿಲ್ಲ. ತಾಳಿ ಕಟ್ಟಿಯೇ ಕರೆತಂದು ಮಾರುವವರಿದ್ದಾರಂತೆ.

ಸಂಜೆ ಇವರು ಮೆಂತ್ಯದ ಕಟ್ಟು ಹಿಡಿದು ಬಂದರೆ ಮೆಟ್ಟಿಲ ತುಂಬ ಹೆಂಗಸರು. ಕೀಲಿ ತೆಗೆಸಿ ನನ್ನನ್ನು ಹೊರಗೆ ಕರೆದರು. ಇವರು ಏನೋ ಹೇಳಹೋದರೆ ಸುಮತಿಯಕ್ಕ ಬಿಡಲಿಲ್ಲ.

"ನೀವು ಸುಮ್ಮನಿರಿ, ಅವಳೇ ಹೇಳ್ಲಿ. ಇವರು ನಿನಗೆ ಯಾರು? ಹೆಸರು ಹೇಳು. ಇಲ್ಲದಿದ್ರೆ ಪೊಲೀಸರಿಗೆ ಫೋನ್ ಮಾಡ್ತೇನೆ."

ಹೇಳದಿದ್ದರೆ ಗಂಡ ಠಾಣೆಗೆ, ಹೇಳಿದರೆ ನನ್ನ ಮಾನ ಬೀದಿಗೆ. ಕಣ್ಣು ಮುಚ್ಚಿ ಒಡಪು ಹೇಳಿಬಿಟ್ಟೆ:

"ಮುಂಬೈ ತುಂಬ ಗದ್ದಲ, ಚೆಂಬೂರ ತುಂಬ ಧೂಳ,
ಬಸವರಾಜರ ಸಲುವಾಗಿ ತಂದೀನಿ ತವರಿನ ಜ್ವಾಳ!"

ಮರಾಠಿ ಹೆಂಗಸರು ಚಪ್ಪಾಳೆ ತಟ್ಟಿದರು. ಪದ್ಯದೊಳಗೆ ಗಂಡನ ಹೆಸರು ಅಡಗಿಸಿ ಹೇಳುವ ಪದ್ಧತಿ ಅವರಲ್ಲೂ ಇದೆ, ಉಖಾಣಾ ಎನ್ನುತ್ತಾರೆ. ಭಾಷೆ ತಿಳಿಯದಿದ್ದರೂ ನನ್ನ ನಾಚಿಕೆ ಅವರಿಗೆ ತಿಳಿಯಿತು. ಸುಮತಿಯಕ್ಕ ಮಾತ್ರ ಇವರ ಫೋನಿನಲ್ಲಿದ್ದ ಮದುವೆಯ ಫೋಟೋಗಳನ್ನೆಲ್ಲ ನೋಡಿ, ನನ್ನ ಅವ್ವನ ಜೊತೆ ಮಾತಾಡಿದ ಮೇಲೆಯೇ ಬಿಟ್ಟರು.

"ಕೇಳಿ ತಪ್ಪಾದ್ರೆ ನಗಾಡುವ. ಕೇಳದೆ ತಪ್ಪಾದ್ರೆ ಎಂತ ಮಾಡುದು?" ಎಂದರು.

ಅವ್ವ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, "ಆಕಿ ಕೇಳಿದ್ದನ್ನ ನಾವೊಬ್ರೂ ಕೇಳ್ಲಿಲ್ಲಲ್ಲವಾ" ಎಂದಳು. ನಿಜವೇ. ಮುಂಬೈ ಗಂಡು, ವರದಕ್ಷಿಣೆ ಬೇಡವೆಂದ, ಮದುವೆಗೆ ಅವಸರ ಮಾಡಿದ. ನಮ್ಮವರು ಕುಣಿದಾಡಿದರೇ ಹೊರತು ಒಬ್ಬರೂ ಬಂದು ಮನೆ ನೋಡಲಿಲ್ಲ. ಗಂಡ ಒಳ್ಳೆಯವರಾದದ್ದು ನನ್ನ ಪುಣ್ಯ, ನಮ್ಮವರ ಜಾಣತನವಲ್ಲ.

ಈಗ ಊರಿನ ಹುಡುಗಿಯರಿಗೆ ಮುಂಬೈ ಸಂಬಂಧ ಬಂದರೆ ಅವ್ವ ಫೋನ್ ಮಾಡುತ್ತಾಳೆ. ನಾನೂ ಸುಮತಿಯಕ್ಕನೂ ಲೋಕಲ್ ರೈಲು ಹತ್ತಿ ಗಂಡಿನ ಮನೆ ನೋಡಿ ಬರುತ್ತೇವೆ. ಈಚೆಗೆ ಒಬ್ಬ ಹುಡುಗಿಗಾಗಿ ಕಾಂದಿವಲಿಗೆ ಹೋದರೆ, ಗಂಡಿನವರು ಕೊಟ್ಟ ವಿಳಾಸದಲ್ಲಿ ಮನೆಯೇ ಇರಲಿಲ್ಲ.

ಸಂಬಂಧ ಕೆಡಿಸಿದಳೆಂದು ಆ ಹುಡುಗಿಯ ಅಪ್ಪನಿಗೆ ಇನ್ನೂ ಸಿಟ್ಟು. ಊರಿಗೆ ಹೋದಾಗ "ಬಂದ್ಳು ಮುಂಬೈಯಾಕಿ" ಎಂದು ಮುಖ ತಿರುಗಿಸಿದ. ಚೆಂಬೂರಿನಲ್ಲಿ ನಾನಿನ್ನೂ ಧಾರವಾಡದವಳೇ. ಆ ಹುಡುಗಿ ಮಾತ್ರ ಅಪ್ಪನ ಕಣ್ಣು ತಪ್ಪಿಸಿ ನನಗೆ ಚಾ ತಂದುಕೊಟ್ಟಳು. ಬಾಯಿಗಿಡಲಾಗದಷ್ಟು ಸಕ್ಕರೆ ಹಾಕಿದ್ದಳು. ಪೂರ್ತಿ ಕುಡಿದೆ.