ಎಡಗಿವಿಯ ಗೆರೆ

ನನ್ನ ಗಂಡನನ್ನು ಸೈನ್ಯದಿಂದ ಮನೆಗೆ ಕಳಿಸಿದ್ದು ಕಿವಿಯ ಕಾರಣಕ್ಕೆ. ಅವರು ತೋಪುಗಳ ದಳದಲ್ಲಿ ಹವಾಲ್ದಾರರು. ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿ ನಮ್ಮ ಸಂಸಾರ. ಮೆಡಿಕಲ್ ಬೋರ್ಡಿನವರು ಇನ್ನು ಸೇವೆಗೆ ಯೋಗ್ಯರಲ್ಲ ಎಂದು ಬರೆದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಸಂಭಾಜಿನಗರಕ್ಕೆ ಬಂದೆವು. ಆಗಿನ್ನೂ ಅದನ್ನು ಔರಂಗಾಬಾದ್ ಎನ್ನುತ್ತಿದ್ದರು. ಅಲ್ಲಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು.

ಅಂಗವೈಕಲ್ಯ ಪಿಂಚಣಿಗೆ ಹಾಕಿದ್ದ ಅರ್ಜಿಗೆ ಹಲವು ತಿಂಗಳ ಮೇಲೆ ಉತ್ತರ ಬಂತು. ಕಿವಿಯ ದೋಷ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಷ್ಟೇ. ಅವರು ಓದಿ, ಮಡಚಿ, ಟ್ರಂಕಿನಲ್ಲಿಟ್ಟುಬಿಟ್ಟರು. ನನ್ನ ತಲೆಯಿಂದ ಮಾತ್ರ ಆ ಸಾಲು ಹೋಗಲಿಲ್ಲ. ಸೇವೆಯಿಂದ ಅಲ್ಲವೆಂದರೆ ಮತ್ತೆ ಎಲ್ಲಿಂದ ಬಂತು? ಸಿಟ್ಟಿಗಿಂತ ಅದನ್ನು ತಿಳಿಯುವ ಆಸೆಯೇ ನನಗೆ ಹೆಚ್ಚಾಗಿತ್ತು. ಮದುವೆಗೆ ಮುಂಚೆ ಕಲಬುರಗಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಆ ಚಾಳಿ ಹೋಗಿರಲಿಲ್ಲ.

ಒಂದು ಭಾನುವಾರ ಟ್ರಂಕಿನ ಕಾಗದಗಳನ್ನೆಲ್ಲ ಹರವಿದೆ. ಭರ್ತಿಯಾದ ದಿನದ ತಪಾಸಣೆಯ ಹಾಳೆ ಸಿಕ್ಕಿತು. ಆರು ಮೀಟರ್ ದೂರದ ಪಿಸುಮಾತು ಎರಡೂ ಕಿವಿಗೆ ಕೇಳುತ್ತದೆ ಎಂದು ಅದರಲ್ಲಿತ್ತು. ಆರು ಮೀಟರ್ ಅಂದರೆ ಎಷ್ಟು ದೂರ? ನಮ್ಮ ಬಾಡಿಗೆ ಮನೆಯ ಎರಡು ಕೋಣೆ ಸೇರಿದರೂ ಅಷ್ಟಾಗಲಿಲ್ಲ. ಹೊಲಿಗೆಯ ಟೇಪು ಹಿಡಿದು ಮಾಳಿಗೆ ಹತ್ತಿದೆ, ಅವರನ್ನೂ ಹತ್ತಿಸಿದೆ.

“ಇದೇನ್ ಹುಚ್ಚಾಟ ನಿಂದು?”

“ಆ ಕಡಿ ಮಾರಿ ಮಾಡಿ ಸುಮ್ಮ ನಿಂದರ್ರಿ. ಕೇಳಿದ್ರ ಕೈ ಎತ್ರಿ.”

ಆರು ಮೀಟರಿನಿಂದ ಪಿಸುಗುಟ್ಟಿದೆ. ಕೈ ಏಳಲಿಲ್ಲ. ಮೂರರಲ್ಲೂ ಇಲ್ಲ. ಇನ್ನೂ ಹತ್ತಿರ ಹೋಗಿ, “ಇವತ್ತ ಮೆಂತೆಪಲ್ಯ ಮಾಡ್ಲೇನ್ರಿ?” ಅಂದಾಗ ಕೈ ಎತ್ತಿದರು. ಆಮೇಲೆ ಬಲಗಿವಿ ಮುಚ್ಚಿಕೊಳ್ಳಲು ಹೇಳಿ ಎಡಗಿವಿಯ ಪಕ್ಕ ಒಂದು ಗೇಣಿನಷ್ಟು ಹತ್ತಿರ ನಿಂತೆ. “ನಿಮ್ಮ ಕೂಡ ಜಗಳಾ ಆಡ್ಲಿಕ್ಕೂ ಈಗ ಒದರಬೇಕಾಗ್ಯಾದ” ಅಂದೆ. ಅವರು ಎದುರಿನ ನೀರಿನ ಟಾಕಿಯನ್ನು ನೋಡುತ್ತ ನಿಂತಿದ್ದರು, ಕೈ ಏಳಲಿಲ್ಲ.

ಕೆಳಗಿಳಿದು ಆಸ್ಪತ್ರೆಯ ಕಿವಿ ಪರೀಕ್ಷೆಯ ನಕ್ಷೆ ತೆಗೆದೆ. ಬಲಗಿವಿಗೊಂದು, ಎಡಗಿವಿಗೊಂದು, ಎರಡು ಗೆರೆ; ಗೆರೆ ಇಳಿದಷ್ಟೂ ಕಿವಿ ಮಂದ. ಎಡಗಿವಿಯ ಗೆರೆ ಇನ್ನೊಂದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ತೋಪಿನ ಸದ್ದು ಎರಡೂ ಕಿವಿಗೆ ಬಿದ್ದಿರಬೇಕಲ್ಲ, ಒಂದೇ ಯಾಕೆ ಇಷ್ಟು ಕೆಟ್ಟಿತು? ಅವರನ್ನು ಕೇಳಿದರೆ, “ನನಗೇನ್ ಗೊತ್ತು?” ಅಂದರು.

ಅವರ ದಳದಲ್ಲೇ ಕಚೇರಿ ಕೆಲಸ ನೋಡುತ್ತಿದ್ದ ಸುಬೇದಾರರೊಬ್ಬರು ನಿವೃತ್ತರಾಗಿ ನಾವಿದ್ದ ಜಿಲ್ಲೆಯದೇ ಕನ್ನಡ ಎಂಬ ಊರಿನಲ್ಲಿದ್ದರು. ಕಾಗದಗಳನ್ನು ಕಟ್ಟಿಕೊಂಡು ಇಬ್ಬರೂ ಅವರ ಮನೆಗೆ ಹೊರಟೆವು. ಬಸ್ಸಿನ ಹಣೆಯ ಮೇಲೆ ಮರಾಠಿ ಅಕ್ಷರದಲ್ಲಿ ‘ಕನ್ನಡ’ ಎಂದು ಓದಿ ನನಗೆ ನಗು ಬಂತು. ಕಂಡಕ್ಟರನನ್ನು ಆ ಹೆಸರು ಯಾಕೆ ಬಂತೆಂದು ಕೇಳಿದೆ. ಅವನು ಟಿಕೇಟು ಹರಿದು ಕೊಟ್ಟು ಮುಂದೆ ಹೋದ.

ಸುಬೇದಾರರು ಪಡಸಾಲೆಯಲ್ಲಿ ಕಾಗದಗಳನ್ನು ಒಂದೊಂದಾಗಿ ನೋಡಿದರು. ನನ್ನ ಪ್ರಶ್ನೆ ಹೇಳಿದೆ. “ಅತ್ತಿಗೆ, ಇದನ್ನು ಇಷ್ಟು ದಿನ ಯಾರೂ ಕೇಳಲೇ ಇಲ್ಲವಲ್ಲ” ಎಂದು ಹಿಂದಿಯಲ್ಲಿ ಹೇಳಿ, ನನ್ನ ಗಂಡನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದರು: “ರೇಂಜಿನಲ್ಲಿ ತೋಪು ಹಾರಿಸುವಾಗ ನೀನು ನಿಲ್ಲುತ್ತಿದ್ದದ್ದು ಎಲ್ಲಿ? ನಿಂತು ತೋರಿಸು.”

ಇವರು ಎದ್ದರು. ಒಂದು ಕುರ್ಚಿಯನ್ನು ತೋಪೆಂದು ಇಟ್ಟು ಅದರ ಬಲಕ್ಕೆ ನಿಂತರು. ಗುರಿಯ ಲೆಕ್ಕ ಫೋನಿನಲ್ಲಿ ಕೇಳಿ ತೋಪಿನವರಿಗೆ ಕೂಗಿ ಹೇಳುವುದು ಅವರ ಕೆಲಸ. ಬಲಗೈ ಫೋನು ಹಿಡಿದ ಹಾಗೆ ತಾನಾಗಿ ಬಲಗಿವಿಗೆ ಹೋಯಿತು. ಎಡಗಿವಿ ಕುರ್ಚಿಯ ಕಡೆಗಿತ್ತು.

“ಎಡಗಿವ್ಯಾಗ ಹತ್ತಿ ಇಡ್ತಿದ್ದಿಲ್ಲೇನ್ರಿ?” ಅಂದೆ.

“ತೋಪಿನ ಮಂದಿ ಹೇಳೋದೂ ಕೇಳ್ಬೇಕಲ್ಲಾ. ಅದಕ್ಕ ಆ ಕಿವಿ ಹತ್ತಿ ತಗದಿಡ್ತಿದ್ದೆ.”

ಅದನ್ನೇ ಇವರು ಹಿಂದಿಯಲ್ಲಿ ಸುಬೇದಾರರಿಗೂ ಹೇಳಿದರು. ಸುಬೇದಾರರು ಕನ್ನಡಕ ಹಾಕಿಕೊಂಡು ಆಗಲೇ ಅಪೀಲು ಬರೆಯಲು ಕೂತರು. ಭರ್ತಿಯ ಹಾಳೆ, ನಕ್ಷೆ, ಇವರು ಎಷ್ಟು ವರ್ಷ ಆ ಕೆಲಸದಲ್ಲಿದ್ದರು ಎಂಬ ದಾಖಲೆ, ಜೊತೆಗೆ ಸುಬೇದಾರರು ತಾವೇ ಸಹಿ ಮಾಡಿದ ಹೇಳಿಕೆ, ಎಲ್ಲ ಲಗತ್ತಾದವು.

ಮತ್ತೊಂದು ಮೆಡಿಕಲ್ ಬೋರ್ಡ್ ಕರೆಯಿತು. ಅಲ್ಲಿನ ಡಾಕ್ಟರಮ್ಮ ಅರ್ಜಿ ಓದಿ, ಇವರನ್ನು ಎಬ್ಬಿಸಿ, ತೋಪಿನ ಪಕ್ಕ ನಿಲ್ಲುತ್ತಿದ್ದ ಹಾಗೆಯೇ ನಿಲ್ಲಿಸಿ ನೋಡಿದರಂತೆ. ಮುಂದಿನ ಕಾಗದ ಬರುವಷ್ಟರಲ್ಲಿ ವರ್ಷ ತಿರುಗಿತ್ತು. ಕಿವಿಯ ದೋಷ ಸೇವೆಯಿಂದಲೇ ಬಂದದ್ದು ಎಂದು ಒಪ್ಪಿದ್ದರು. ಪಿಂಚಣಿ ಮಂಜೂರಾಗಿತ್ತು.

ದೀಪಾವಳಿಗೆ ಗಂಡನ ಊರು ಬೀದರಿಗೆ ಹೋದಾಗ ಅವರು ಆ ಕಾಗದವನ್ನು ತಮ್ಮ ಅಣ್ಣನ ಕೈಗೆ ಕೊಟ್ಟರು. ಅಲ್ಲಿಯವರೆಗೆ, “ಬ್ಯಾಸರಾಗಿ ನಾನೇ ನೌಕರಿ ಬಿಟ್ಟೆ” ಎಂದು ಮನೆಯವರಿಗೆಲ್ಲ ಹೇಳಿದ್ದರು. ನಾನೂ ಬಾಯಿ ಬಿಟ್ಟಿರಲಿಲ್ಲ. ಭಾವ ಎರಡು ಸಲ ಓದಿದರು.

“ಮೊದ್ಲೇ ಯಾಕ ಹೇಳ್ಲಿಲ್ಲೋ?”

“ನಂದೇ ಏನರ ತಪ್ಪಿರಬೇಕು ಅನ್ಕೊಂಡಿದ್ದೆ, ಅಣ್ಣಾ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನೂ ಆ ಮಾತನ್ನು ಮೊದಲ ಸಲ ಕೇಳಿದೆ. ಅಷ್ಟೆಲ್ಲ ಪ್ರಶ್ನೆ ಕೇಳಿದವಳಿಗೆ, ಮನೆಯವರಿಂದ ಯಾಕೆ ಮುಚ್ಚಿಟ್ಟಿರಿ ಎಂಬ ಆ ಒಂದನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.